ಅಲೆಕ್ಸಾಂಡರ್ ಟ್ವೈಲೈಟ್: ಶಾಲೆಯ ಮಾಸ್ತರರು 1836ರಲ್ಲಿ ಶಾಸನಸಭೆಗೆ ಹೋದದ್ದೇಕೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ರಾಜ್ಯವೊಂದರ ಶಾಸನಸಭೆಗೆ ಆಯ್ಕೆಯಾದ ಮೊದಲ ಕಪ್ಪು ಜನಾಂಗದವರು ವರ್ಮಾಂಟ್ ರಾಜ್ಯದ ಅಲೆಕ್ಸಾಂಡರ್ ಟ್ವೈಲೈಟ್ ಎಂದು ಓದಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅವರ ಬಗ್ಗೆ ಹೇಳಬೇಕೆಂದಿದ್ದೇನೆ, ಆದರೆ ಸಿಕ್ಕಿದ್ದೆಲ್ಲ ಈ ಒಂದು ಸಾಲು ಮಾತ್ರ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ ಫ. ಗು. ಹಳಕಟ್ಟಿಯವರು ಮುಂಬಯಿ ಶಾಸನಸಭೆಯಲ್ಲಿಯೂ ಕುಳಿತಿದ್ದರೆಂಬುದು ನಮ್ಮ ಮಕ್ಕಳಿಗೆ ಗೊತ್ತಿದೆ. ಟ್ವೈಲೈಟ್ ಅವರೂ ಶಾಲೆ ನಡೆಸುತ್ತಿದ್ದವರಂತೆ. ಅವರು ಶಾಸನಸಭೆಗೆ ಹೋದದ್ದು ಏತಕ್ಕೆ? ದೇಶದ ಅರ್ಧಭಾಗದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ ಅವರಿಗೆ ಮತ ಹಾಕಿದವರು ಯಾರು?

ಉತ್ತರ: ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಬೆಳಗಾವಿ

ಅಕ್ಕೋರೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಜಮೀನಿನಲ್ಲಿದೆ. ಟ್ವೈಲೈಟ್ ಹುಟ್ಟಿದ್ದು 1795ರಲ್ಲಿ, ವರ್ಮಾಂಟಿನ ಕೊರಿಂತ್ ಎಂಬ ಊರಿನಲ್ಲಿ. ಬಾಲ್ಯದಲ್ಲಿಯೇ ನೆರೆಯ ರೈತನ ಹೊಲದಲ್ಲಿ ಕರಾರಿನ ಜೀತಕ್ಕೆ ನಿಂತ ಹುಡುಗ, ದುಡಿಯುತ್ತಲೇ ಓದಲು ಕಲಿತು, ಕೂಡಿಟ್ಟ ಹಣದಿಂದ ಕರಾರಿನ ಕೊನೆಯ ವರ್ಷವನ್ನು ಬಿಡಿಸಿಕೊಂಡು, 1815ರಲ್ಲಿ, ಅಂದರೆ ಇಪ್ಪತ್ತನೆಯ ವಯಸ್ಸಿನಲ್ಲಿ, ಶಾಲೆಯ ಮೆಟ್ಟಿಲು ಹತ್ತಿದರು. 1823ರಲ್ಲಿ ಮಿಡ್ಲ್‌ಬರಿ ಕಾಲೇಜಿನಿಂದ ಪದವಿ ಪಡೆದರು. ನನಗೆ ಅವರ ಶಾಸಕತ್ವಕ್ಕಿಂತ ಈ ಎಂಟು ವರ್ಷಗಳೇ ದೊಡ್ಡವಾಗಿ ಕಾಣುತ್ತವೆ.

1829ರಲ್ಲಿ ಬ್ರೌನಿಂಗ್ಟನ್ ಎಂಬ ಸಣ್ಣ ಊರಿಗೆ ಬಂದು ಆರ್ಲಿಯನ್ಸ್ ಜಿಲ್ಲೆಯ ಶಾಲೆಯ ಮುಖ್ಯಸ್ಥರಾದರು. ದೂರದ ಮಕ್ಕಳಿಗೆ ವಸತಿ ಬೇಕಾಗಿತ್ತು. ಆಡಳಿತ ಮಂಡಳಿ ಹಣ ಕೊಡಲು ಒಪ್ಪದಿದ್ದರೂ ಅವರು ಹಿಂಜರಿಯದೆ ಗ್ರಾನೈಟ್ ಕಲ್ಲಿನ ನಾಲ್ಕು ಅಂತಸ್ತಿನ ವಸತಿಗೃಹವನ್ನು ಕಟ್ಟಿಸಿ 1836ರ ಹೊತ್ತಿಗೆ ಮುಗಿಸಿದರು. ಕಲ್ಲುಗಳನ್ನು ಮೇಲಕ್ಕೆಳೆದ ಎತ್ತನ್ನು ಕಡೆಗೆ ಕೆಳಗಿಳಿಸಲಾಗಲಿಲ್ಲವೆಂಬ ಕತೆಯನ್ನು ಆ ಊರಿನವರು ಹೇಳುತ್ತಾರೆ. ಅದನ್ನು ಕತೆಯೆಂದೇ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಇನ್ನು ಜಮೀನಿನ ವಿಷಯ. ಊರುಗಳನ್ನು ನೆಲೆಗೊಳಿಸುವಾಗಲೇ ಜಿಲ್ಲಾ ಶಾಲೆಗೆಂದು ಭೂಮಿಯನ್ನು ತೆಗೆದಿಡುತ್ತಿದ್ದರು. ನಮ್ಮ ಕಡೆ ಮಠದ ಹೊಲವನ್ನು ಲಾವಣಿಗೆ ಕೊಡುವಂತೆ ಅದನ್ನು ಗೇಣಿಗೆ ಕೊಟ್ಟು, ಬಂದ ಹಣದಲ್ಲಿ ಶಾಲೆ ನಡೆಸುತ್ತಿದ್ದರು. ಅದೇ ಜಿಲ್ಲೆಯ ಕ್ರಾಫ್ಟ್ಸ್‌ಬರಿ ಊರಿನ ಶಾಲೆಯವರು ತಮಗೂ ಪಾಲು ಬೇಕೆಂದಾಗ, ಅದನ್ನು ತಡೆಯುವುದಕ್ಕೆ ಟ್ವೈಲೈಟ್ ರಾಜಧಾನಿ ಮಾಂಟ್‌ಪೀಲಿಯರ್‌ಗೆ ಹೋದರು. ಅಲ್ಲಿ ಅವರ ವಾದ ಗೆಲ್ಲಲಿಲ್ಲ. ಹಣ ಎರಡು ಶಾಲೆಗಳಿಗೆ ಹಂಚಿಹೋಯಿತು.

ಉತ್ತರ: ವಕೀಲ, ಜಮಖಂಡಿ

ಗುರುಗಳು ಹೇಳಿದ್ದಕ್ಕೆ ಚುನಾವಣೆಯ ಭಾಗವನ್ನಷ್ಟೇ ಸೇರಿಸುತ್ತೇನೆ. ವರ್ಮಾಂಟಿನ 1777ರ ಸಂವಿಧಾನವು ವಯಸ್ಕರನ್ನು ಗುಲಾಮರಾಗಿಡುವುದನ್ನು ನಿಷೇಧಿಸಿತ್ತು, ಮತದಾರನು ಬಿಳಿಯನೇ ಆಗಿರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಮಾತ್ರ ಮತ ಇರಲಿಲ್ಲ. ಊರು ದೊಡ್ಡದಿರಲಿ ಚಿಕ್ಕದಿರಲಿ, ಒಂದೊಂದು ಊರಿನಿಂದ ಒಬ್ಬ ಪ್ರತಿನಿಧಿ, ಅದೂ ಒಂದೇ ವರ್ಷದ ಅವಧಿಗೆ. ಆದ್ದರಿಂದ ಬ್ರೌನಿಂಗ್ಟನ್‌ನಲ್ಲಿ ಮತ ಹಾಕಿದವರು, ಹೆಚ್ಚಾಗಿ, ಆ ಮಾಸ್ತರರ ಶಾಲೆಗೆ ತಮ್ಮ ಮಕ್ಕಳನ್ನು ಕಳಿಸುತ್ತಿದ್ದ ರೈತರೇ ಇದ್ದಾರು. ಅದೇ 1836ರಲ್ಲಿ ಅಲ್ಲಿ ಮೇಲ್ಮನೆಯೂ ಹೊಸದಾಗಿ ಹುಟ್ಟಿತು. ಟ್ವೈಲೈಟ್ ಕುಳಿತದ್ದು ಕೆಳಮನೆಯಲ್ಲಿ.

ಶಿಕ್ಷಕಿ, ವಿಜಯಪುರ

ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ: ಅವರು ಮೊದಲಿಗರೆಂದು ಆ ಕಾಲದವರೇ ಗುರುತಿಸಿದ್ದರೆ?

ಉತ್ತರ: ನಿವೃತ್ತ ಇತಿಹಾಸ ಪ್ರಾಧ್ಯಾಪಕ, ಬೆಳಗಾವಿ

ಆ ಬಿರುದು ನಂತರದವರು ಕೊಟ್ಟದ್ದು. ಅವರ ಮೈಬಣ್ಣ ತಿಳಿಯಾಗಿತ್ತು, ದಾಖಲೆಗಳಲ್ಲಿ ಕೆಲವೆಡೆ ಅವರ ಮನೆಯವರನ್ನು ಬಿಳಿಯರಲ್ಲವೆಂದೂ ಕೆಲವೆಡೆ ಬಿಳಿಯರೆಂದೂ ಬರೆಯಲಾಗಿದೆ. ಮಿಡ್ಲ್‌ಬರಿ ಕಾಲೇಜು ಕೂಡ ತನ್ನ ಪದವೀಧರನ ಹಿರಿಮೆಯನ್ನು ಬಹಳ ತಡವಾಗಿ ಹೇಳಿಕೊಂಡಿತು. ಅವರ ನಂತರ ಕಪ್ಪು ಜನಾಂಗದವರು ಮ್ಯಾಸಚೂಸೆಟ್ಸ್ ಸಭೆಗೆ ಆಯ್ಕೆಯಾದದ್ದು 1866ರಲ್ಲಿ, ಎಡ್ವರ್ಡ್ ವಾಕರ್ ಮತ್ತು ಚಾರ್ಲ್ಸ್ ಮಿಚೆಲ್ ಎಂಬಿಬ್ಬರು. ನಡುವಿನ ಮೂವತ್ತು ವರ್ಷಗಳನ್ನು ಮಕ್ಕಳಿಗೆ ತಪ್ಪದೆ ಹೇಳಿರಿ.

ಟ್ವೈಲೈಟ್ ಮತ್ತೆ ಶಾಲೆಗೆ ಮರಳಿದರು. 1847ರಲ್ಲಿ ಮಂಡಳಿಯವರೊಡನೆ ಹೊಂದಿಕೆಯಾಗದೆ ಊರು ಬಿಟ್ಟರು, 1852ರಲ್ಲಿ ಊರಿನವರು ಮತ್ತೆ ಕರೆಸಿಕೊಂಡರು. 1857ರಲ್ಲಿ ತೀರಿಕೊಂಡರು. ಆ ಕಲ್ಲಿನ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.