ಮಾರ್ಟಿನಿ ಪಾಯಿಂಟ್ 22: ಗುಂಡು ಮೇಲೆ ಕೆಳಗೆ ಚದುರುತ್ತಿದೆ, ಸಾಕಾಗಿಹೋಗಿದೆ

ಕಬ್ಬಿನಗದ್ದೆ_ಪಾಂಡವಪುರ
ತಾತನ ಕಾಲದ ಬಿಎಸ್‌ಎ ಮಾರ್ಟಿನಿ, 0.22 ಇಂಚಿನ ಸಣ್ಣ ಗುಂಡನ್ನು ಒಂದೊಂದೇ ತುಂಬುವ ರೈಫಲ್. ಐವತ್ತು ಮೀಟರಿನಲ್ಲಿ ಐದು ಗುಂಡಿನ ಗುರುತನ್ನು ಹತ್ತು ರೂಪಾಯಿ ನಾಣ್ಯ ಇಟ್ಟು ಮುಚ್ಚಬಹುದಾಗಿತ್ತು. ಈಗ ಉದ್ದಿನ ವಡೆ ಇಟ್ಟರೂ ಮುಚ್ಚುವುದಿಲ್ಲ. ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಚದುರುತ್ತದೆ. ನಳಿಗೆ ತಿಕ್ಕಿದೆ, ಗುರಿ ಹಿಡಿಯುವ ಹಿಂದಿನ ಸೈಟ್ ಬಿಚ್ಚಿ ಕಟ್ಟಿದೆ, ಏನೂ ಆಗಲಿಲ್ಲ. ಮೂರು ಭಾನುವಾರ ಹಾಳು. ಗೊತ್ತಿರುವವರು ಹೇಳಿ.

ನಿವೃತ್ತ_ಹವಾಲ್ದಾರ್
ನಳಿಗೆಯ ಬಾಯಿ ಸವೆದಿದೆ, ಬರೆದಿಟ್ಟುಕೊಳ್ಳಿ. ಮಾರ್ಟಿನಿಯಲ್ಲಿ ಹಿಂದಿನಿಂದ ನೇರವಾಗಿ ರಾಡ್ ತೂರಿಸುವುದು ಸುಲಭವಲ್ಲ. ಹಳಬರೆಲ್ಲ ಮುಂದಿನಿಂದಲೇ ಕಬ್ಬಿಣದ ರಾಡ್ ಹಾಕಿ ತಿಕ್ಕಿದವರು. ಬಾಯಿಯ ಅಂಚು ಒಂದು ಪಕ್ಕ ಸವೆದರೆ ಗುಂಡನ್ನು ಹಿಂದಿನಿಂದ ತಳ್ಳುವ ಮದ್ದಿನ ಗಾಳಿ ಆ ಕಡೆಯಿಂದ ಮೊದಲು ನುಗ್ಗುತ್ತದೆ, ಗುಂಡು ವಾಲುತ್ತದೆ. ಲೇತ್‌ನಲ್ಲಿ ಬಾಯಿ ಮತ್ತೆ ಕತ್ತರಿಸಬೇಕು.

ಕುಕ್ಕರಹಳ್ಳಿ_ವಾಕಿಂಗ್
ಹವಾಲ್ದಾರ್ ಸಾಹೇಬರೇ, ಬಾಯಿ ಸವೆಯಲು ವರ್ಷಗಳು ಬೇಕು. ಇವರ ರೈಫಲ್ ಇದ್ದಕ್ಕಿದ್ದಂತೆ ಕೆಟ್ಟಿದೆ. ಪಾಂಡವಪುರದವರೇ, ಯಾವ ಕಾಡತೂಸು, ಯಾವ ಆಸರೆ ಎಂಬುದನ್ನೇ ಬರೆದಿಲ್ಲವಲ್ಲ?

ಕಬ್ಬಿನಗದ್ದೆ_ಪಾಂಡವಪುರ
ಮಾಮೂಲಿ ಕಾಡತೂಸೇ. ಮರಳಿನ ಚೀಲದ ಮೇಲಿಟ್ಟು ಹೊಡೆಯುತ್ತೇನೆ, ಎಲ್ಲರೂ ಹಾಗೆಯೇ ತಾನೆ?

ಹಸಿರು_ಮೇಲುಕೋಟೆ
ಕಬ್ಬಿನ ಗದ್ದೆ, ರೈಫಲ್, ಭಾನುವಾರ! ಹಂದಿಗೋ, ನವಿಲಿಗೋ? 1972ರ ವನ್ಯಜೀವಿ ಕಾಯ್ದೆ ಇನ್ನೂ ಜೀವಂತವಾಗಿದೆ.

ಕಬ್ಬಿನಗದ್ದೆ_ಪಾಂಡವಪುರ
ಪರವಾನಗಿ ನನ್ನ ಹೆಸರಿನಲ್ಲಿದೆ, ಹೊಡೆಯುವುದು ಕ್ಲಬ್ಬಿನ ರೇಂಜಿನಲ್ಲಿ, ಕಾಗದಕ್ಕೆ. ಹೆಸರಿನಲ್ಲಿ ಗದ್ದೆ ಇದ್ದ ಮಾತ್ರಕ್ಕೆ ಬೇಟೆಗಾರನಾಗುವುದಿಲ್ಲ. ಪಾಯಿಂಟ್ 22ರಲ್ಲಿ ಹಂದಿಗೆ ಹೊಡೆದರೆ ಹಂದಿ ನನ್ನನ್ನು ಹುಡುಕಿಕೊಂಡು ಬರುತ್ತದೆ, ಅಷ್ಟೇ.

ಗೋಣಿಕೊಪ್ಪ_ಈಗ_ಮೈಸೂರು
ನಮ್ಮ ಮನೆಯ ಒಂಟಿ ನಳಿಗೆಯ ಕೋವಿಗೆ ಬಾಯಿ, ಸೈಟು ಎಂಬ ರಗಳೆಯೇ ಇಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆದು ಕಳೆದ ಸಲ ಎರಡನೆಯ ಗುಂಡಿಗೇ ಒಡೆದೆ. ನಮಗೆ ಕೊಡವರಿಗೆ ಪರವಾನಗಿಯ ವಿನಾಯಿತಿಯೂ 2029ರವರೆಗೆ ಇದೆ. ರೈಫಲ್ಲನ್ನು ನೀವು ಅತಿಯಾಗಿ ಮುದ್ದು ಮಾಡುತ್ತೀರಿ.

ಕುಕ್ಕರಹಳ್ಳಿ_ವಾಕಿಂಗ್
ತೆಂಗಿನಕಾಯಿ ಅಂಗೈಯಗಲ ಇರುತ್ತದೆ ಅಣ್ಣ. ಐವತ್ತು ಮೀಟರಿನ ರೈಫಲ್ ಗುರಿಹಲಗೆಯಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್. ಎರಡೂ ಬೇರೆ ವಿದ್ಯೆ.

ಗೋಣಿಕೊಪ್ಪ_ಈಗ_ಮೈಸೂರು
ಕಾಯಿ ಗಾಳಿಗೆ ಓಲಾಡುತ್ತಿರುತ್ತದೆ. ನಿಮ್ಮ ಕಾಗದ ಓಲಾಡುತ್ತದೆಯೇ?

ಕಬ್ಬಿನಗದ್ದೆ_ಪಾಂಡವಪುರ
ಹವಾಲ್ದಾರ್ ಸರ್ ಹೇಳಿದ್ದಕ್ಕೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಳಿಗೆಯ ಬಾಯಿಯ ಸುತ್ತ ಸವರಿ ನೋಡಿದೆ. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ.

ನಿವೃತ್ತ_ಹವಾಲ್ದಾರ್
ಎಳೆ ಸಿಕ್ಕಿಕೊಂಡರೆ ಅಂಚು ಮುರಿದಿದೆ ಎಂದರ್ಥ. ನುಣ್ಣಗೆ ಸವೆದಿದ್ದರೆ ಹತ್ತಿ ಸಿಕ್ಕಿಕೊಳ್ಳುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿ.

ತೊಣ್ಣೂರು_ಕೆರೆ
ಬಾಯಿಯ ವಿಚಾರ ಪಕ್ಕಕ್ಕಿಡಿ. ‘ಮಾಮೂಲಿ ಕಾಡತೂಸು’ ಎಂದರೆ ಒಂದೇ ಡಬ್ಬಿಯದೋ, ಬೆರಕೆಯೋ? ಸಾಧಾರಣ ವೇಗದ್ದು ಸೆಕೆಂಡಿಗೆ 330 ಮೀಟರ್ ಆಸುಪಾಸು, ಹೆಚ್ಚು ವೇಗದ್ದು 380. ಲೆಕ್ಕ ಹಾಕಿದರೆ ಐವತ್ತು ಮೀಟರಿನಲ್ಲಿ ಇವೆರಡರ ನಡುವೆ ಎರಡರಿಂದ ಮೂರು ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಬರುತ್ತದೆ.
ಇನ್ನೊಂದು ವಿಷಯ, ಮಾರ್ಟಿನಿ ಇಟ್ಟುಕೊಂಡವರು ತಮಗೇ ಗೊತ್ತಿಲ್ಲದೆ ಮಾಡುವ ತಪ್ಪು. ಚೀಲದ ಮೇಲಿರುವಾಗ ಗುಂಡು ತುಂಬಲು ಲಿವರ್ ಕೆಳಗೆ ಎಳೆದರೆ ಮೇಜಿಗೋ ಚೀಲಕ್ಕೋ ತಾಗುತ್ತದೆ. ಆದ್ದರಿಂದ ಪ್ರತಿ ಗುಂಡಿಗೂ ರೈಫಲ್ಲನ್ನು ಎತ್ತಿ, ತುಂಬಿ, ಮತ್ತೆ ಇಡುತ್ತೀರಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರುತ್ತದೆಯೇ? ಒಮ್ಮೆ ಮರ, ಒಮ್ಮೆ ಬರೀ ನಳಿಗೆ ಚೀಲಕ್ಕೆ ತಾಗಿದರೆ ಗುಂಡು ಏರಿಳಿಯುವುದು ಖಂಡಿತ. ನಾನು ಮುಂದಿನ ಮರಕ್ಕೆ ಬಿಳಿ ಟೇಪು ಸುತ್ತಿದ್ದೇನೆ, ಟೇಪಿನ ಅಂಚು ಚೀಲದ ಅಂಚಿಗೆ ಬರಬೇಕು.

ಕಬ್ಬಿನಗದ್ದೆ_ಪಾಂಡವಪುರ
ಅಯ್ಯೋ, ಕಾಡತೂಸು ಬೆರಕೆಯೇ. ಹಳೆಯ ಡಬ್ಬಿಯಲ್ಲಿ ಉಳಿದ ಹದಿನೈದನ್ನು ಹೊಸದರ ಜೊತೆ ಸುರಿದಿಟ್ಟಿದ್ದೆ. ಆದರೆ ನಾನು ಅಳೆದದ್ದು ಒಂಬತ್ತು ಸೆಂಟಿಮೀಟರ್. ಮೂರನ್ನು ಕಳೆದರೂ ಆರು ಉಳಿಯಿತಲ್ಲ?

ನಿವೃತ್ತ_ಹವಾಲ್ದಾರ್
ಆ ಆರು ಬಾಯಿಯದು.

ಕುಕ್ಕರಹಳ್ಳಿ_ವಾಕಿಂಗ್
ಚದುರಲು ಶುರುವಾದದ್ದು ಯಾವಾಗಿನಿಂದ? ಅದಕ್ಕೂ ಮೊದಲು ರೈಫಲ್ ಎಲ್ಲಿತ್ತು?

ಕಬ್ಬಿನಗದ್ದೆ_ಪಾಂಡವಪುರ
ಚುನಾವಣೆ ಆದ ಮೇಲಿನಿಂದ. ಎಲ್ಲರಂತೆ ಮಾರ್ಚ್‌ನಲ್ಲಿ ಠಾಣೆಗೆ ಒಪ್ಪಿಸಿ, ನೀತಿಸಂಹಿತೆ ಮುಗಿದ ಮೇಲೆ ಜೂನ್‌ನಲ್ಲಿ ತಂದೆ. ಅಲ್ಲಿ ತಗಡಿನ ಮಾಡಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದರು. ಇದನ್ನೂ ಬರೆಯಬೇಕಿತ್ತೇ?

ತೊಣ್ಣೂರು_ಕೆರೆ
ಮೊದಲು ಬರೆಯಬೇಕಾದದ್ದೇ ಅದು ಸ್ವಾಮಿ! 2024ರ ಬೇಸಿಗೆ ಮಂಡ್ಯದಲ್ಲಿ ಹೇಗಿತ್ತೆಂದು ಮರೆತಿರಾ? ತಗಡಿನಡಿ ಆ ಅಕ್ರೋಟ್ ಮರ ಒಣಗಿ ಕುಗ್ಗಿದೆ. ಮಾರ್ಟಿನಿಯ ಮರ ಎರಡು ತುಂಡು. ಭುಜಕ್ಕೆ ಒತ್ತುವ ಹಿಂದಿನ ತುಂಡು, ಅಂದರೆ ಬಟ್, ಉಕ್ಕಿನ ಚೌಕಟ್ಟಿಗೆ ಒಂದೇ ಒಂದು ಉದ್ದನೆಯ ಬೋಲ್ಟಿನಲ್ಲಿ ನಿಂತಿದೆ. ಮರ ಕುಗ್ಗಿದರೆ ಬೋಲ್ಟ್ ಸಡಿಲವಾಗುತ್ತದೆ. ನಳಿಗೆ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಒಂದು ಕೈಯಲ್ಲಿ ಚೌಕಟ್ಟು, ಇನ್ನೊಂದರಲ್ಲಿ ಬಟ್ ಹಿಡಿದು ಮೆಲ್ಲಗೆ ತಿರುಚಿ.

ಕಬ್ಬಿನಗದ್ದೆ_ಪಾಂಡವಪುರ
‘ಟಕ್’ ಎಂದಿತು. ಉಕ್ಕು ಮತ್ತು ಮರದ ನಡುವೆ ಬಸ್ ಟಿಕೆಟ್ ತೂರುತ್ತದೆ! ಮೂರು ವಾರ ಈ ಬಂದೂಕನ್ನೇ ತಬ್ಬಿಕೊಂಡು ಕೂತಿದ್ದೇನೆ, ಗೊತ್ತೇ ಆಗಲಿಲ್ಲ.

ತೊಣ್ಣೂರು_ಕೆರೆ
ಬಟ್‌ನ ಹಿಂದಿನ ತಗಡು ಬಿಚ್ಚಿದರೆ ಆಳವಾದ ತೂತು ಕಾಣುತ್ತದೆ, ಬೋಲ್ಟಿನ ತಲೆ ಅದರ ತಳದಲ್ಲಿರುತ್ತದೆ. ಸೀಳಿಗೆ ಸರಿಯಾಗಿ ಕೂರುವ ಉದ್ದನೆಯ ಸ್ಕ್ರೂಡ್ರೈವರ್ ಬೇಕು, ಚಿಕ್ಕದು ಹಾಕಿದರೆ ತಲೆ ಕೆಡುತ್ತದೆ. ಬಿಗಿಯಾದೊಡನೆ ನಿಲ್ಲಿಸಿ. ಇನ್ನೂ ಒತ್ತಿದರೆ ಒಣಗಿದ ಮರ ಹಿಡಿಯ ಹತ್ತಿರ ಸೀಳುತ್ತದೆ.

ಕಬ್ಬಿನಗದ್ದೆ_ಪಾಂಡವಪುರ
*(ಎಂಟು ದಿನಗಳ ನಂತರ)*
ತೂತಿನಿಂದ ಮೊದಲು ಜಿರಳೆಯ ಮೊಟ್ಟೆಗೂಡುಗಳು ಉದುರಿದವು, ಆಮೇಲೆ ಬೋಲ್ಟ್ ಸಿಕ್ಕಿತು. ಪೂರ್ತಿ ಒಂದು ಸುತ್ತು, ಮೇಲೆ ಕಾಲು ಸುತ್ತು ತಿರುಗಿತು. ಒಂದೇ ಡಬ್ಬಿಯ ಕಾಡತೂಸು, ಮರಕ್ಕೆ ಬಿಳಿ ಟೇಪು. ಇಂದು ಐದು ಗುಂಡು ಮೂರೂವರೆ ಸೆಂಟಿಮೀಟರಿನಲ್ಲಿ ಬಿದ್ದವು. ನಾಣ್ಯದಡಿ ಇನ್ನೂ ಬಂದಿಲ್ಲ, ಐದನೆಯದು ಯಾವಾಗಲೂ ಬಲಕ್ಕೆ ಹೋಗುತ್ತದೆ. ಯಾಕಿರಬಹುದು?

ನಿವೃತ್ತ_ಹವಾಲ್ದಾರ್
ನಾನು ಮೊದಲೇ ಹೇಳಿದ್ದೆ. ಭೂತಗನ್ನಡಿ ಹಿಡಿದಿರಾ?

ಗೋಣಿಕೊಪ್ಪ_ಈಗ_ಮೈಸೂರು
ನಾಲ್ಕಕ್ಕೇ ನಿಲ್ಲಿಸಿ.

ಹೊಸಬ_ಮದ್ದೂರು
ಎಲ್ಲರಿಗೂ ನಮಸ್ಕಾರ. ಚರ್ಚೆ ಪೂರ್ತಿ ಓದಲಿಲ್ಲ. ನನ್ನ ಏರ್ ರೈಫಲ್‌ಗೆ ಯಾವ ದೂರದರ್ಶಕ ಹಾಕಿಸಿದರೆ ಒಳ್ಳೆಯದು?