ಸೈನ್ಡ್ ಮತ್ತು ಅನ್‌ಸೈನ್ಡ್ ಹೋಲಿಕೆಯ ಎಚ್ಚರಿಕೆಯನ್ನು ಯಾವ ಹಂತದಲ್ಲಿ ಕೊಡಬೇಕು?

ಅರೆಬಿಟ್:

ಎಲ್ಲರಿಗೂ ನಮಸ್ಕಾರ. ಕಲಿಕೆಗೆಂದು ಬಿಡುವಿನ ವೇಳೆಯಲ್ಲಿ ಸಿ ಭಾಷೆಗೆ ಒಂದು ಚಿಕ್ಕ ಕಂಪೈಲರ್ ಬರೆಯುತ್ತಿದ್ದೇನೆ. ಪಾರ್ಸರ್ (ಬರೆದ ಕೋಡನ್ನು ಓದಿ ಟ್ರೀಯಾಗಿ ಜೋಡಿಸುವ ಭಾಗ) ಮುಗಿದಿದೆ, 64 ಬಿಟ್ ಲಿನಕ್ಸಿಗೆ ಬೇಕಾದ ಅಸೆಂಬ್ಲಿಯೂ ತಕ್ಕಮಟ್ಟಿಗೆ ಹೊರಡುತ್ತಿದೆ. ಈಗ ಕೈಹಾಕಿರುವುದು ನಡುವಿನ ಭಾಗಕ್ಕೆ, ಅಂದರೆ ಪ್ರತಿಯೊಂದು ಎಕ್ಸ್‌ಪ್ರೆಶನ್ನಿನ ಟೈಪನ್ನು ನಿರ್ಧರಿಸಿ, ತಪ್ಪಿದ್ದಲ್ಲಿ ದೋಷವನ್ನೂ ಅನುಮಾನವಿದ್ದಲ್ಲಿ ಎಚ್ಚರಿಕೆಯನ್ನೂ ಹೇಳಬೇಕಾದ ಭಾಗಕ್ಕೆ. ದೋಷಗಳ ವಿಷಯದಲ್ಲಿ ಗೊಂದಲವಿಲ್ಲ: ಸಿ ಭಾಷೆಯ ಮಾನಕದಲ್ಲಿ ನಿರ್ಬಂಧಗಳೆಂದು ಬರೆದಿರುವ ನಿಯಮಗಳಲ್ಲಿ ಯಾವುದು ಮುರಿದರೂ ಕಂಪೈಲರ್ ಒಂದಾದರೂ ಸಂದೇಶ ಕೊಡಲೇಬೇಕು. ಎಚ್ಚರಿಕೆಗಳಿಗೆ ಅಂತಹ ಊರುಗೋಲು ಇಲ್ಲದ ಕಾರಣ ನಾನು ಎಡವುತ್ತಿರುವುದು ಅಲ್ಲಿಯೇ.

ಮೊದಲಿಗೆ ಆರಿಸಿಕೊಂಡದ್ದು ಎಲ್ಲರನ್ನೂ ಒಮ್ಮೆಯಾದರೂ ಕಾಡಿರುವ ಪ್ರಸಂಗ: ಸೈನ್ಡ್ (ಋಣ ಬೆಲೆಯನ್ನೂ ಹಿಡಿಯುವ) ಟೈಪನ್ನು ಅನ್‌ಸೈನ್ಡ್ (ಎಂದೂ ಋಣವಾಗದ) ಟೈಪಿಗೆ ಹೋಲಿಸುವುದು. ಇಂಟ್ (ಸೈನ್ಡ್ ಪೂರ್ಣಾಂಕ) ಟೈಪಿನ ‘ಉಳಿಕೆ’ ಎಂಬ ವೇರಿಯಬಲ್‌ನಲ್ಲಿ -1 ಇದ್ದಾಗ ಅದನ್ನು ಸೈಜ್‌ಆಫ್ (ಬೈಟ್‌ಗಳಲ್ಲಿ ಅಳತೆ) ಕೊಡುವ ಅನ್‌ಸೈನ್ಡ್ ಬೆಲೆಯೊಂದಿಗೆ ಹೋಲಿಸಿದರೆ, -1 ಎಂಬುದು ಸದ್ದಿಲ್ಲದೆ 18446744073709551615 ಆಗಿಬಿಡುತ್ತದೆ ಮತ್ತು ‘ಚಿಕ್ಕದೇ?’ ಎಂಬ ಪ್ರಶ್ನೆಗೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಇದನ್ನು ಹಿಡಿಯಲು, ಹೋಲಿಕೆಯ ಎರಡೂ ಬದಿಯ ವೇರಿಯಬಲ್‌ಗಳು ಘೋಷಣೆಯಾದ ಟೈಪನ್ನು ನೋಡಿ, ಒಂದು ಸೈನ್ಡ್, ಇನ್ನೊಂದು ಅನ್‌ಸೈನ್ಡ್ ಆಗಿದ್ದರೆ ಎಚ್ಚರಿಸುವಂತೆ ಬರೆದೆ. ಆಗ ಅನ್‌ಸೈನ್ಡ್ ಚಾರ್ ಅನ್ನು ಇಂಟ್ ಜೊತೆ ಹೋಲಿಸಿದ ಪ್ರತಿಯೊಂದು ಸಾಲಿನಲ್ಲಿಯೂ ಸುಳ್ಳು ಕೂಗು ಎದ್ದಿತು. ಹಾಗಾಗಿ ಪರಿಶೀಲನೆಯನ್ನು ಟೈಪ್ ಪರಿವರ್ತನೆಗಳೆಲ್ಲ ಮುಗಿದ ನಂತರದ ಜಾಗಕ್ಕೆ ಸರಿಸಿದೆ. ಅಷ್ಟರಲ್ಲಿ ಎರಡೂ ಬದಿಗಳು ಒಂದೇ ಟೈಪಿಗೆ ಬಂದಿರುವುದರಿಂದ ಎಚ್ಚರಿಕೆ ಎಂದೂ ಬಾಯಿ ಬಿಡುವುದೇ ಇಲ್ಲ. ಜೊತೆಗೆ ‘ಎಣಿಕೆ == 5’ ಎಂಬಂಥ ನಿರುಪದ್ರವಿ ಸಾಲುಗಳ ತೊಂದರೆ ಬೇರೆ, ಏಕೆಂದರೆ ಎಣಿಕೆ ಅನ್‌ಸೈನ್ಡ್ ಆದರೂ 5 ಎಂಬುದು ಇಂಟ್ ಆಗಿದೆ.

ಎರಡನೆಯ ಪ್ರಶ್ನೆ ಚಿಕ್ಕದು. ಘೋಷಿಸದ ಹೆಸರೊಂದನ್ನು ಒಂದು ಸಾಲಿನಲ್ಲಿ ಬಳಸಿದರೆ ಅದರ ಹಿಂದೆಯೇ ‘ಈ ಟೈಪಿಗೆ ಕೂಡಿಕೆ ಸಾಧ್ಯವಿಲ್ಲ’, ‘ಇದನ್ನು ಫಂಕ್ಷನ್‌ಗೆ ಕಳುಹಿಸಲಾಗದು’ ಎಂದು ದೋಷಗಳ ಸಾಲು ಹರಿಯುತ್ತದೆ. ಇದನ್ನು ಬಲ್ಲವರು ಹೇಗೆ ತಡೆಯುತ್ತಾರೆ?

ತಾಳೆಗರಿ:

ನಿಮ್ಮ ಎರಡು ಪ್ರಯತ್ನಗಳ ನಡುವೆಯೇ ಸರಿಯಾದ ಜಾಗ ಇದೆ. ಮಾನಕದ ಪ್ರಕಾರ ಅಂಕಗಣಿತದ ಪರಿವರ್ತನೆ ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಪ್ರತಿ ಬದಿಯೂ ತನ್ನಷ್ಟಕ್ಕೆ ಬಡ್ತಿ ಪಡೆಯುತ್ತದೆ, ಅಂದರೆ ಚಾರ್, ಶಾರ್ಟ್ ಮತ್ತು ಕಿರಿದಾದ ಬಿಟ್‌ಫೀಲ್ಡ್‌ಗಳು ಇಂಟ್ ಆಗುತ್ತವೆ. ಆಮೇಲೆ ಎರಡೂ ಬದಿಗಳು ಸೇರಿ ಒಂದು ಸಾಮಾನ್ಯ ಟೈಪಿಗೆ ಬರುತ್ತವೆ. ಅನ್‌ಸೈನ್ಡ್ ಚಾರ್‌ನ 0ಯಿಂದ 255ರವರೆಗಿನ ಬೆಲೆಗಳೆಲ್ಲ ಬಡ್ತಿಯ ನಂತರ ಇಂಟ್‌ನಲ್ಲಿ ಹಾಗೆಯೇ ಉಳಿಯುವುದರಿಂದ ಅಲ್ಲಿ ಅಪಾಯವೇ ಇರುವುದಿಲ್ಲ. ಆದ್ದರಿಂದ ಬಡ್ತಿ ಮುಗಿದು, ಸಾಮಾನ್ಯ ಟೈಪು ಯಾವುದೆಂದು ಗೊತ್ತಾಗಿ, ಪರಿವರ್ತನೆಯ ನೋಡ್‌ಗಳನ್ನು ಟ್ರೀಗೆ ಸೇರಿಸುವುದಕ್ಕೆ ಮುಂಚಿನ ಕ್ಷಣದಲ್ಲಿ ಒಂದೇ ಪ್ರಶ್ನೆ ಕೇಳಿ: ಸಾಮಾನ್ಯ ಟೈಪು ಅನ್‌ಸೈನ್ಡ್ ಆಗಿದ್ದು, ಬಡ್ತಿ ಪಡೆದ ಬದಿಗಳಲ್ಲಿ ಒಂದು ಇನ್ನೂ ಸೈನ್ಡ್ ಆಗಿಯೇ ಉಳಿದಿದೆಯೇ? ಜಿಸಿಸಿ ಎಂಬ ಹೆಸರಾಂತ ಸಿ ಕಂಪೈಲರಿನಲ್ಲಿ ಈ ಕೆಲಸ ಮಾಡುವ ಫಂಕ್ಷನ್‌ಗೆ ಮೂಲ ಆಪರಾಂಡ್‌ಗಳನ್ನೂ ಬದಲಾದ ಆಪರಾಂಡ್‌ಗಳನ್ನೂ ಒಟ್ಟಿಗೆ ಕಳುಹಿಸುವುದು ಇದೇ ಕಾರಣಕ್ಕೆ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಬೇರೆ ದಾರಿ ಹಿಡಿದಿದೆ: ತಾನಾಗಿ ಆದ ಪ್ರತಿ ಪರಿವರ್ತನೆಯನ್ನೂ ಟ್ರೀಯಲ್ಲಿ ಪ್ರತ್ಯೇಕ ನೋಡ್ ಆಗಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಅದನ್ನು ಸರಿಸಿ ಕೆಳಗೆ ಪ್ರೋಗ್ರಾಮರ್ ಬರೆದದ್ದೇನು ಎಂದು ಇಣುಕಿ ನೋಡುತ್ತದೆ. ನೀವು ಹೊಸದಾಗಿ ಬರೆಯುತ್ತಿರುವುದರಿಂದ ಎರಡನೆಯದನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಬರೆದದ್ದನ್ನು ಅಳಿಸಿಹಾಕಿದ ಟ್ರೀಯಿಂದ ಮುಂದಿನ ಯಾವ ಎಚ್ಚರಿಕೆಯೂ ಹುಟ್ಟಲಾರದು.

ಸಾಮಾನ್ಯ ಟೈಪು ಟಾರ್ಗೆಟ್ಟಿನ (ಪ್ರೋಗ್ರಾಂ ಓಡಬೇಕಾದ ವ್ಯವಸ್ಥೆಯ) ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡಿ. 64 ಬಿಟ್ ಲಿನಕ್ಸಿನಲ್ಲಿ ಲಾಂಗ್ 64 ಬಿಟ್ ಆದ್ದರಿಂದ ಅನ್‌ಸೈನ್ಡ್ ಇಂಟ್‌ನ ಎಲ್ಲ ಬೆಲೆಗಳೂ ಅದರಲ್ಲಿ ಹಿಡಿಯುತ್ತವೆ. ಅವೆರಡನ್ನು ಹೋಲಿಸಿದರೆ ಸಾಮಾನ್ಯ ಟೈಪು ಸೈನ್ಡ್ ಲಾಂಗ್, ಎಚ್ಚರಿಕೆ ಬೇಡ. 64 ಬಿಟ್ ವಿಂಡೋಸಿನಲ್ಲಿ ಲಾಂಗ್ 32 ಬಿಟ್ಟಿಗೇ ನಿಂತಿರುವುದರಿಂದ ಅದೇ ಸಾಲಿನಲ್ಲಿ ಎರಡೂ ಬದಿ ಅನ್‌ಸೈನ್ಡ್ ಲಾಂಗ್ ಆಗುತ್ತವೆ, ಎಚ್ಚರಿಕೆ ಬೇಕು. ಟೈಪುಗಳ ಅಳತೆಯನ್ನು ಕೋಡಿನೊಳಗೆ ನೇರವಾಗಿ ಬರೆದಿದ್ದರೆ ಈಗಲೇ ಹೊರಗೆ ತೆಗೆಯಿರಿ.

ಇನ್ನು ‘ಎಣಿಕೆ == 5’ರ ವಿಷಯ. ಟೈಪನ್ನು ಮಾತ್ರ ನೋಡಿದರೆ ಸಾಲದು, ಆ ಎಕ್ಸ್‌ಪ್ರೆಶನ್ ಯಾವ ವ್ಯಾಪ್ತಿಯ ಬೆಲೆಗಳನ್ನು ಕೊಡಬಲ್ಲದು ಎಂಬುದನ್ನೂ ನೋಡಬೇಕು. ಕ್ಲ್ಯಾಂಗ್ ಇದಕ್ಕಾಗಿ ಪ್ರತಿ ಎಕ್ಸ್‌ಪ್ರೆಶನ್‌ಗೆ ಎಷ್ಟು ಬಿಟ್ ಬೇಕು, ಅದು ಎಂದೂ ಋಣವಾಗದೇ ಎಂಬ ಎರಡೇ ಸಂಗತಿಗಳನ್ನು ಲೆಕ್ಕ ಹಾಕುತ್ತದೆ. ಸ್ಥಿರಾಂಕ 5 ಋಣವಲ್ಲ; ಹೋಲಿಕೆಯೊಂದರ ಫಲಿತಾಂಶ 0 ಅಥವಾ 1; ಇಂಟ್ ಆಗಿದ್ದರೂ ‘ಬೆಲೆ & 255’ ಎಂಬುದು ಎಂಟೇ ಬಿಟ್. ಇಂಥ ಕಡೆಯಲ್ಲೆಲ್ಲ ಸೈನ್ಡ್ ಬದಿ ಋಣವಾಗಲಾರದು ಎಂದು ತಿಳಿದೊಡನೆ ಸುಮ್ಮನಾಗಿ. ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸೂಕ್ಷ್ಮವಿದೆ: ಸಮಾನತೆಯ ಹೋಲಿಕೆಯಲ್ಲಿ ಅನ್‌ಸೈನ್ಡ್ ಬದಿಯ ಬೆಲೆ ಮೇಲ್ತುದಿಯ ಬಿಟ್ಟನ್ನು ಎಂದೂ ಮುಟ್ಟುವುದಿಲ್ಲವೆಂದು ಗೊತ್ತಿದ್ದರೆ, ಇನ್ನೊಂದು ಬದಿಯ ಋಣಸಂಖ್ಯೆ ಪರಿವರ್ತನೆಯಾಗಿ ಎಷ್ಟೇ ದೊಡ್ಡದಾದರೂ ಅದಕ್ಕೆ ಸಮನಾಗಲಾರದು, ಹಾಗಾಗಿ ಉತ್ತರ ಹೇಗೂ ಸರಿಯಾಗಿಯೇ ಬರುತ್ತದೆ. ಚಿಕ್ಕದು–ದೊಡ್ಡದು ಎಂಬ ಹೋಲಿಕೆಗೆ ಈ ರಿಯಾಯಿತಿ ಇಲ್ಲ.

ಬಡ್ತಿಯೇ ಮೋಸ ಮಾಡುವ ಪ್ರಸಂಗವೂ ಒಂದಿದೆ. ಅನ್‌ಸೈನ್ಡ್ ಚಾರ್‌ನಲ್ಲಿ 15 ಇಟ್ಟು ‘~’ ಹಾಕಿದರೆ 240 ಬರುತ್ತದೆ ಎಂದು ನಂಬುವವರು ಬಹಳ. ಮೊದಲು ಇಂಟ್ ಆಗಿ ಆಮೇಲೆ ಬಿಟ್‌ಗಳು ತಿರುಗುವುದರಿಂದ ಬರುವುದು -16. ಅದನ್ನು 240 ಇರುವ ಇನ್ನೊಂದು ಅನ್‌ಸೈನ್ಡ್ ಚಾರ್‌ಗೆ ಹೋಲಿಸಿದರೆ ಎಂದಿಗೂ ಸಮವಾಗದು. ಇಲ್ಲಿ ಎರಡೂ ಬದಿ ಇಂಟ್ ಆಗಿರುವುದರಿಂದ ಮೇಲೆ ಹೇಳಿದ ಪ್ರಶ್ನೆ ಇದನ್ನು ಹಿಡಿಯುವುದಿಲ್ಲ. ಬೇರೆಯದೇ ಪರಿಶೀಲನೆ ಬರೆಯಬೇಕಾಗುತ್ತದೆ.

ಹಳೇಕೊಂಡಿ:

ಮೇಲಿನವರ ಮಾತು ತಾಂತ್ರಿಕವಾಗಿ ಸರಿಯಿದೆ. ಆದರೆ ಇಷ್ಟೆಲ್ಲವನ್ನು ಚಿಕ್ಕ ಕಂಪೈಲರ್ ಒಂದರ ತಲೆಗೆ ಕಟ್ಟಬೇಕೇ ಎಂಬ ಅನುಮಾನ ನನ್ನದು. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವ ಲಿಂಟ್ ಬರೆದಾಗ ಅದನ್ನು ಕಂಪೈಲರಿನಿಂದ ಹೊರಗೇ ಇಟ್ಟರು. ಕಂಪೈಲರ್ ಬೇಗ ಕೆಲಸ ಮುಗಿಸಲಿ, ಅನುಮಾನಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂ ನಿಧಾನವಾಗಿ ಮಾಡಲಿ ಎಂಬ ಆ ಹಂಚಿಕೆ ಇಂದಿಗೂ ಹಳತಾಗಿಲ್ಲ. 2003ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ಲಿಗಾಗಿ ಸ್ಪಾರ್ಸ್ ಎಂಬ ಪರಿಶೀಲಕವನ್ನು ಆರಂಭಿಸಿದಾಗಲೂ ಅದು ಕಂಪೈಲರಿನ ಹೊರಗೇ ಇತ್ತು. ದೋಷಗಳನ್ನು ಮಾತ್ರ ಸರಿಯಾಗಿ ಹೇಳಿ, ಎಚ್ಚರಿಕೆಗಳನ್ನು ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ತಾಳೆಗರಿ:

ಹಳೇಕೊಂಡಿಯವರೇ, ಲಿಂಟ್ ಮುಖ್ಯವಾಗಿ ಹಿಡಿಯುತ್ತಿದ್ದ ತಪ್ಪುಗಳಲ್ಲೊಂದು ಫಂಕ್ಷನ್‌ಗೆ ಕೊಟ್ಟ ಆರ್ಗ್ಯುಮೆಂಟುಗಳ ಹೊಂದಾಣಿಕೆಯದು. 1989ರ ಮಾನಕದಲ್ಲಿ ಪ್ರೋಟೋಟೈಪ್ (ಆರ್ಗ್ಯುಮೆಂಟುಗಳ ಟೈಪನ್ನು ಮೊದಲೇ ಹೇಳುವ ಫಂಕ್ಷನ್ ಘೋಷಣೆ) ಬಂದ ಮೇಲೆ ಆ ಕೆಲಸ ಕಂಪೈಲರಿನ ಪಾಲಿಗೇ ಬಂತು. ಹೊರಗಿಟ್ಟ ಪ್ರೋಗ್ರಾಂ ಅನ್ನು ಜನ ಓಡಿಸುವುದಿಲ್ಲ ಎಂಬುದು ಇನ್ನೊಂದು ಕಹಿಸತ್ಯ. ಎಚ್ಚರಿಕೆಯಾಗಿಯೇ ಬಹುಕಾಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: ಘೋಷಿಸದ ಫಂಕ್ಷನ್ನನ್ನು ಕರೆಯುವ ಅವಕಾಶವನ್ನು 1999ರ ಮಾನಕವೇ ತೆಗೆದುಹಾಕಿತು, ಆದರೆ ಕ್ಲ್ಯಾಂಗ್ ಅದನ್ನು ತಾನಾಗಿಯೇ ದೋಷವೆಂದು ಎಣಿಸಿದ್ದು 2023ರ 16ನೇ ಆವೃತ್ತಿಯಲ್ಲಿ, ಜಿಸಿಸಿ 2024ರ 14ನೇ ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಯಂತ್ರದಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಹಳೆಯ ಕಾನ್ಫಿಗರ್ ಸ್ಕ್ರಿಪ್ಟುಗಳು ಆ ಸಡಿಲಿಕೆಯ ಮೇಲೆಯೇ ನಿಂತುಬಿಟ್ಟಿದ್ದವು. ಅವು ಪರೀಕ್ಷೆಗೆಂದು ಕಂಪೈಲ್ ಮಾಡುವ ಪುಟ್ಟ ಪ್ರೋಗ್ರಾಂ ದೋಷದಿಂದ ನಿಂತರೆ, ‘ಈ ಸೌಲಭ್ಯ ಈ ಯಂತ್ರದಲ್ಲಿ ಇಲ್ಲ’ ಎಂದು ತಪ್ಪಾಗಿ ತೀರ್ಮಾನಿಸಿ ಸದ್ದಿಲ್ಲದೆ ಮುಂದೆ ಹೋಗುತ್ತವೆ. ಬೇಗ ಕಟ್ಟುನಿಟ್ಟಾಗದಿದ್ದಕ್ಕೆ ತೆತ್ತ ಬೆಲೆ ಅದು.

ನಾಕನೇ ಪಾಸ್:

ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ಮೊದಲು ಮುಗಿಸುತ್ತೇನೆ. ‘ದೋಷದ ಟೈಪು’ ಎಂದು ವಿಶೇಷ ಟೈಪೊಂದನ್ನು ಸೃಷ್ಟಿಸಿ. ತಪ್ಪು ಕಂಡ ಎಕ್ಸ್‌ಪ್ರೆಶನ್‌ಗೆ ಅದನ್ನೇ ಕೊಡಿ. ಅದು ತಾಗಿದ ಪ್ರತಿ ಎಕ್ಸ್‌ಪ್ರೆಶನ್ನೂ ಅದೇ ಟೈಪಾಗಲಿ, ಮತ್ತು ಯಾವ ಪರಿಶೀಲನೆಯೂ ಆ ಟೈಪನ್ನು ಕಂಡಾಗ ಬಾಯಿ ತೆರೆಯದಿರಲಿ. ಮೈಲಿಗೆ ತಾಗಿದ ಹಾಗೆ ಅದು ಹರಡುತ್ತದೆ, ಆದರೆ ಮಾತಾಡುವುದಿಲ್ಲ. ಹೆಸರು ಸಿಗದಿದ್ದಾಗ ಅದನ್ನು ಆ ಟೈಪಿನೊಂದಿಗೇ ಸಿಂಬಲ್ ಟೇಬಲ್ಲಿಗೆ (ಕಂಪೈಲರಿನ ಹೆಸರುಗಳ ಪಟ್ಟಿಗೆ) ಸೇರಿಸಿಬಿಟ್ಟರೆ ಮುಂದಿನ ಸಾಲುಗಳಲ್ಲಿ ಅದೇ ದೂರು ಮರುಕಳಿಸದು. ಘೋಷಿಸದ ಪ್ರತಿಯೊಂದು ಹೆಸರನ್ನು ಫಂಕ್ಷನ್‌ಗೆ ಒಮ್ಮೆಯಂತೆ ಮಾತ್ರ ವರದಿ ಮಾಡುತ್ತೇನೆ ಎಂದು ಜಿಸಿಸಿ ಟಿಪ್ಪಣಿ ಕೊಡುವುದನ್ನು ನೀವು ನೋಡಿಯೇ ಇರುತ್ತೀರಿ.

ಆದರೆ ನಾನು ಬರೆಯಲು ಕುಳಿತದ್ದು ಬೇರೆ ಕಾರಣಕ್ಕೆ. ಎಚ್ಚರಿಕೆಯನ್ನು ಹೇಗೆ ಎಬ್ಬಿಸಬೇಕು ಎಂಬ ಬಗ್ಗೆ ಇಲ್ಲಿ ಬಹಳ ಚರ್ಚೆಯಾಯಿತು, ಅದನ್ನು ಸುಮ್ಮನಾಗಿಸುವ ಬರವಣಿಗೆ ಯಾವುದು ಎಂಬ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಕಷ್ಟದ ಅರ್ಧ. ಷರತ್ತಿನೊಳಗೆ ಹೋಲಿಕೆಯ ‘==’ ಬರೆಯಬೇಕಾದಲ್ಲಿ ಅಸೈನ್‌ಮೆಂಟಿನ (ಬೆಲೆ ತುಂಬುವ) ‘=’ ಬರೆದರೆ ಜಿಸಿಸಿಯೂ ಕ್ಲ್ಯಾಂಗೂ ಎಚ್ಚರಿಸುತ್ತವೆ, ಮತ್ತು ‘ಬೇಕೆಂದೇ ಬರೆದದ್ದು’ ಎಂದು ಸೂಚಿಸಲು ಹೆಚ್ಚುವರಿ ಆವರಣ ಹಾಕಿ ಎನ್ನುತ್ತವೆ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ಲಿನ ಸಿವಿಎಸ್ (ಆವೃತ್ತಿ ನಿಯಂತ್ರಣ ವ್ಯವಸ್ಥೆ) ಪ್ರತಿಯೊಳಗೆ ಯಾರೋ ನುಸುಳಿಸಿದ ಎರಡು ಸಾಲುಗಳನ್ನು ಈ ಬೆಳಕಿನಲ್ಲಿ ನೋಡಿ. ವೇಟ್4 ಫಂಕ್ಷನ್ನಿನಲ್ಲಿ, ‘&&’ನ ಬಲಬದಿಗೆ, ಬಳಕೆದಾರನ ಯುಐಡಿಯನ್ನು (ಗುರುತಿನ ಸಂಖ್ಯೆಯನ್ನು) 0ಗೆ ಹೋಲಿಸಿದಂತೆ ಕಾಣುವ ಒಂದು ತುಂಡಿತ್ತು; ಅದು ಹೋಲಿಕೆಯಾಗಿರದೆ ಅಸೈನ್‌ಮೆಂಟ್ ಆಗಿತ್ತು. ಅಂದರೆ ನಿರ್ದಿಷ್ಟ ಆಯ್ಕೆಗಳೊಂದಿಗೆ ಕರೆದವನು ಯುಐಡಿ 0 ಇರುವ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿಬಿಡುತ್ತಿದ್ದ. ಮೂಲ ಭಂಡಾರಕ್ಕೂ ಆ ಪ್ರತಿಗೂ ವ್ಯತ್ಯಾಸ ಕಂಡದ್ದರಿಂದ ಅದು ಸಿಕ್ಕಿಬಿತ್ತೇ ಹೊರತು ಕಂಪೈಲರಿನಿಂದಲ್ಲ.

ಕಂಪೈಲರಿಗೆ ಏಕೆ ಸಿಗುವಂತಿರಲಿಲ್ಲ ಎಂಬುದು ಸ್ವಾರಸ್ಯ. ‘=’ಗೆ ‘&&’ಗಿಂತ ಕಡಿಮೆ ಆದ್ಯತೆ ಇರುವುದರಿಂದ ಆ ಜಾಗದಲ್ಲಿ ಆವರಣ ಹಾಕದಿದ್ದರೆ ಎಡಬದಿಯ ಇಡೀ ‘&&’ ಎಕ್ಸ್‌ಪ್ರೆಶನ್‌ಗೆ ಅಸೈನ್ ಮಾಡಿದಂತಾಗಿ ಅದು ದೋಷವೇ ಆಗುತ್ತದೆ. ಅಲ್ಲಿಗೆ ಆವರಣ ವ್ಯಾಕರಣವೇ ಬೇಡುವ ಕಡ್ಡಾಯ. ಬರೆದವನ ಉದ್ದೇಶದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಒಂದು ಜೊತೆ ಆವರಣ ಕಂಡರೆ ಒಪ್ಪಿಗೆ ಎಂದು ಓದುವ ನಿಯಮ ಇಲ್ಲಿ ಕುರುಡಾಗುತ್ತದೆ. ನಿಮ್ಮ ಕಂಪೈಲರಿನಲ್ಲಿ ಎರಡು ಬದಲಾವಣೆ ಮಾಡಿನೋಡಿ: ಆವರಣಗಳನ್ನು ಪಾರ್ಸರ್ ಎಸೆಯದೆ ನೋಡ್‌ಗಳಾಗಿ ಉಳಿಸಲಿ, ಮತ್ತು ಷರತ್ತಿನೊಳಗೆ ಸ್ಥಿರಾಂಕವನ್ನೇ ಅಸೈನ್ ಮಾಡಿದ್ದರೆ ಆವರಣ ಎಷ್ಟೇ ಇರಲಿ ಎಚ್ಚರಿಸಲಿ, ಏಕೆಂದರೆ ಉತ್ತರ ಮೊದಲೇ ಗೊತ್ತಿರುವ ಷರತ್ತನ್ನು ಬೇಕೆಂದು ಬರೆಯುವವರು ಅಪರೂಪ.

ಅರೆಬಿಟ್:

ಎಲ್ಲರಿಗೂ ಧನ್ಯವಾದಗಳು. ಹಳೇಕೊಂಡಿಯವರು ಬೇಸರಿಸಬಾರದು, ಎಚ್ಚರಿಕೆಗಳನ್ನು ಒಳಗೇ ಇಟ್ಟುಕೊಂಡೆ. ಪರಿವರ್ತನೆಯನ್ನು ನೋಡ್ ಆಗಿ ಉಳಿಸಿಕೊಂಡ ಮೇಲೆ ಅನ್‌ಸೈನ್ಡ್ ಚಾರ್‌ನ ಸುಳ್ಳು ಕೂಗು ನಿಂತಿತು, ವ್ಯಾಪ್ತಿಯ ಲೆಕ್ಕದಿಂದ ಸ್ಥಿರಾಂಕಗಳ ಗಲಾಟೆಯೂ ಮುಗಿಯಿತು. ದೋಷದ ಟೈಪಿಗೆ ಬೇಕಾದದ್ದು ಹತ್ತಾರು ಸಾಲು ಮಾತ್ರ, ಮೊದಲೇ ಕೇಳಬೇಕಿತ್ತು. ಆದರೆ ಒಂದು ಪ್ರಸಂಗ ಉಳಿದಿದೆ: ಇಂಟ್ ಟೈಪಿನ ಎಣಿಕೆಯನ್ನು 0ಯಿಂದ ಶುರುಮಾಡಿ, ಅರೇಯ ಸೈಜ್‌ಆಫನ್ನು ಅದರ ಒಂದು ಅಂಶದ ಸೈಜ್‌ಆಫ್‌ನಿಂದ ಭಾಗಿಸಿ ಬಂದ ಸಂಖ್ಯೆಯವರೆಗೆ ಏರಿಸುವ ಫಾರ್ ಲೂಪು. ಎಣಿಕೆ ಎಂದೂ ಋಣವಾಗುವುದಿಲ್ಲವೆಂದು ಓದುವವರಿಗೆ ಗೊತ್ತು, ಕಂಪೈಲರಿಗೆ ಗೊತ್ತಿಲ್ಲ. ಇದನ್ನು ಏನು ಮಾಡುವುದು?

ತಾಳೆಗರಿ:

ಒಂದು ಎಕ್ಸ್‌ಪ್ರೆಶನ್ನನ್ನು ಮಾತ್ರ ನೋಡಿ ಅದನ್ನು ತಿಳಿಯಲಾಗದು. ಲೂಪಿನಲ್ಲಿ ಎಣಿಕೆ ಎಲ್ಲೆಲ್ಲಿ ಬದಲಾಗುತ್ತದೆ, ಅದರ ವಿಳಾಸ ಹೊರಗೆ ಹೋಗಿದೆಯೇ ಎಂದು ನೋಡುವ ಕಂಟ್ರೋಲ್ ಫ್ಲೋ ವಿಶ್ಲೇಷಣೆ ಬೇಕಾಗುತ್ತದೆ, ಮತ್ತು ಅದನ್ನು ಟೈಪ್ ಪರಿಶೀಲನೆಯ ಹಂತಕ್ಕೆ ಎಳೆದು ತರುವುದು ಸರಿಯಲ್ಲ. ಜಿಸಿಸಿಯೂ ಇಲ್ಲಿ ಸೋತು ಪಕ್ಕಕ್ಕೆ ಸರಿದಿದೆ: ಸಿ ಭಾಷೆಗೆ ಈ ಎಚ್ಚರಿಕೆ ‘ಡಬ್ಲ್ಯು-ಆಲ್’ ಎಂಬ ಸಾಮಾನ್ಯ ಎಚ್ಚರಿಕೆಗಳ ಆಯ್ಕೆಯಲ್ಲಿ ಇಲ್ಲ, ಹೆಚ್ಚುವರಿ ಎಚ್ಚರಿಕೆಗಳ, ‘ಡಬ್ಲ್ಯು-ಎಕ್ಸ್‌ಟ್ರಾ’ದಲ್ಲಿದೆ, ಸಿ++ಗೆ ಮಾತ್ರ ‘ಡಬ್ಲ್ಯು-ಆಲ್’ನಲ್ಲೇ ಬರುತ್ತದೆ. ನೀವೂ ಅದನ್ನು ಎರಡನೆಯ ಹಂತದ ಆಯ್ಕೆಗೆ ಸರಿಸಿ, ಸಂದೇಶದಲ್ಲಿ ಎರಡೂ ಬದಿಯ ಟೈಪುಗಳ ಹೆಸರನ್ನು ಬರೆದ ರೂಪದಲ್ಲಿಯೇ ತೋರಿಸಿ. ಆ ಎಣಿಕೆಯನ್ನು ಸೈಜ್_ಟಿ (ಸೈಜ್‌ಆಫ್ ಕೊಡುವ ಬೆಲೆಯ ಅನ್‌ಸೈನ್ಡ್ ಟೈಪು) ಎಂದು ಘೋಷಿಸಿದರೆ ಎಚ್ಚರಿಕೆ ನಿಲ್ಲುತ್ತದೆ. ಆದರೆ ಸಂದೇಶದಲ್ಲಿ ಆ ಸಲಹೆಯನ್ನು ಕೊಡಬೇಡಿ; ಅದೇ ಲೂಪನ್ನು ಯಾರಾದರೂ ಇಳಿಕೆಗೆ ತಿರುಗಿಸಿ ‘ಎಣಿಕೆ >= 0’ ಎಂದು ಬರೆದ ದಿನ ಅದು ನಿಲ್ಲದೆ ಓಡತೊಡಗುತ್ತದೆ, ಮತ್ತು ಅದಕ್ಕೆ ನೀವು ಇನ್ನೊಂದು ಎಚ್ಚರಿಕೆಯನ್ನು ಬರೆಯಬೇಕಾಗುತ್ತದೆ.