ವರ್ಷಕ್ಕೊಂದೇ ಸರ್ವೀಸ್

ಅಯ್ಯಪ್ಪಣ್ಣನ ಲೆಕ್ಕದಲ್ಲಿ ಮನುಷ್ಯನ ದೇಹಕ್ಕೆ ವರ್ಷಕ್ಕೆ ಒಂದು ಸರ್ವೀಸ್ ಸಾಕು. ಆಗಸ್ಟ್ 3ಕ್ಕೆ, ಅಂದರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ 18ರ ದಿನ, ಮದ್ದು ಸೊಪ್ಪು ಅನ್ನೋ ಕಾಡು ಸೊಪ್ಪಿನ ಪಾಯಸ ತಿಂದರೆ ಮುಗೀತು. ಅವತ್ತು ಆ ಸೊಪ್ಪಿನಲ್ಲಿ 18 ಥರದ ಔಷಧಿ ಸೇರಿರುತ್ತದೆ ಅನ್ನೋದು ಹಿರಿಯರ ಮಾತು.

"ಒಂದೇ ಬಟ್ಟಲಲ್ಲಿ 18 ಔಷಧಿ. ಯಾವ ಡಾಕ್ಟ್ರು ಕೊಡ್ತಾನೆ ಹೇಳಿ?"

ಗೋಣಿಕೊಪ್ಪದ ರಜಾಕಣ್ಣನ ಚಹಾ ಅಂಗಡಿ. ಹೊರಗೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಇಂಥ ದಿನ ಆರೋಗ್ಯದ ಮಾತು ತಾನಾಗಿಯೇ ಬರುತ್ತದೆ, ಯಾಕೆಂದರೆ ಯಾರಾದರೊಬ್ಬರು ಕೆಮ್ಮುತ್ತಲೇ ಇರುತ್ತಾರೆ.

"ಹಾಗಾದ್ರೆ ಹೋದ ಮೆಣಸು ಕೊಯ್ಲಿನಲ್ಲಿ ಏಣಿಯಿಂದ ಬಿದ್ದಿದ್ದು ಯಾರು?" ಅಂದರು ರಿಟೈರಾದ ಪಿ.ಟಿ. ಮಾಸ್ಟ್ರು.

"ಅದು ಏಣಿ ತಪ್ಪು."

ಇರಬಹುದು. ಏಣಿಯ ಬುಡ ಒಣಗಿದ ತರಗೆಲೆ ಮೇಲೆ, ತುದಿ ಸಿಲ್ವರ್ ಓಕ್ ಮರಕ್ಕೆ, ಹಿಡಿದುಕೊಳ್ಳಬೇಕಾದ ಹುಡುಗ ಫೋನಿನಲ್ಲಿ. "ಇದೊಂದು ಗೊಂಚಲು ಕಿತ್ತು ಇಳೀತೀನಿ" ಅಂತ ಅಯ್ಯಪ್ಪಣ್ಣ ಕೈ ಚಾಚಿದರು. ಇಳಿದರು, ಗೊಂಚಲು ಸಮೇತ. ಬಿದಿರಿನ ಏಣಿ, ಕಾಲು ಮಾತ್ರ ಹೋಯಿತು. ಅಲ್ಯೂಮಿನಿಯಂ ಏಣಿ ಎತ್ತುವಾಗ ಕರೆಂಟ್ ತಂತಿಗೆ ತಾಗಿಸಿ ಜೀವ ಕಳಕೊಂಡವರ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇದ್ದೇವೆ, ಆದರೂ ಏಣಿ ಎತ್ತುವ ಮೊದಲು ತಲೆ ಎತ್ತಿ ನೋಡೋದಿಲ್ಲ.

ಬಿದ್ದ ಮೇಲಿನ ವೈಭವ ಬೇಕಿತ್ತು ನೀವು ನೋಡೋಕೆ! ನೆಂಟರೆಲ್ಲ ಮೂಸಂಬಿ, ಹಾರ್ಲಿಕ್ಸ್ ಹಿಡಿದು ಬಂದರು. ಪ್ರತಿಯೊಬ್ಬರಿಗೂ ಅಯ್ಯಪ್ಪಣ್ಣ ಕಥೆ ಹೇಳಿದರು, ಹೇಳುತ್ತಾ ಹೇಳುತ್ತಾ ಏಣಿ ಉದ್ದವಾಗುತ್ತಾ ಹೋಯಿತು. ಅದೇ ಏಣಿಯನ್ನು ಗಟ್ಟಿಯಾಗಿ ಹಿಡಿಸಿಕೊಂಡು ಹತ್ತಿ, ಇಳಿದು, ಊಟ ಮಾಡಿ ಮಲಗಿದವನಿಗೆ ಯಾರು ಮೂಸಂಬಿ ತರುತ್ತಾರೆ? 'ಏನೂ ಆಗಲಿಲ್ಲ' ಅನ್ನೋದಕ್ಕೆ ಕಥೆಯೇ ಇಲ್ಲ. ನಮ್ಮ ಜನಕ್ಕೆ ಹುಷಾರಾಗಿರೋದು ಬೇಜಾರು ಅನ್ನಿಸೋದು ಇದಕ್ಕೇ ಅಂತ ನನಗೆ ಅನುಮಾನ.

"ಎಷ್ಟು ಹುಷಾರಾಗಿದ್ರೂ ಬರೋದು ಬರುತ್ತೆ ಮಾಸ್ಟ್ರೇ," ಅಂದ ರಜಾಕಣ್ಣ ಚಹಾ ಸೋಸುತ್ತಾ. "ನಮ್ಮ ಭಾವನಿಗೆ ಇಲಿ ಜ್ವರ ಬಂತು. ಮನೇಲಿ ಒಂದು ಇಲಿ ಇಲ್ಲ. ಎರಡು ಬೆಕ್ಕು ಸಾಕಿದ್ದಾನೆ."

"ಇಲಿ ಮನೇಲೇ ಇರಬೇಕಾ? ಗದ್ದೆ ನೀರಲ್ಲಿ ಉಚ್ಚೆ ಹೊಯ್ದರೆ ಸಾಕು, ಕಾಲಿನ ಗಾಯದಿಂದ ಒಳಗೆ ಹೋಗುತ್ತೆ. ನಾಟಿಗೆ ಬರಿಗಾಲಲ್ಲಿ ಇಳಿದಿದ್ನಾ?"

"ಗಂಬೂಟ್ ಇತ್ತು."

"ಕಾಲಲ್ಲಾ?"

"ಇಲ್ಲ, ಕವರಲ್ಲಿ. ಹೊಸದು, ಕೆಸರಾಗುತ್ತೆ ಅಂತ."

ಮಾಸ್ಟ್ರು ಹಣೆ ಚಚ್ಚಿಕೊಂಡರು. ಆಮೇಲೆ ಅವರ ಕಣ್ಣು ಅಂಗಡಿ ಹಿಂದಿನ ಹಳೇ ಟಯರ್ ಮೇಲೆ ಬಿತ್ತು. ಪಕ್ಕದಲ್ಲಿ ತೆಂಗಿನ ಚಿಪ್ಪು, ಮುಚ್ಚಳ ಇಲ್ಲದ ನೀಲಿ ಡ್ರಮ್ಮು. ಎಲ್ಲದರಲ್ಲೂ ತಿಳಿ ನೀರು.

"ಡೆಂಗಿ ಸೊಳ್ಳೆಗೆ ಮನೆ ಕಟ್ಟಿಸಿದ್ದೀಯಲ್ಲೋ!"

"ಸಂಜೆ ಹೊಗೆ ಹಾಕ್ತೀನಲ್ಲ."

"ಅದು ಕಚ್ಚೋದು ಹಗಲು ಹೊತ್ತು ಮಾರಾಯ. ಮೊಟ್ಟೆ ಇಡೋದು ಇಂಥ ಕ್ಲೀನ್ ನೀರಲ್ಲಿ. ಮೊಟ್ಟೆ ಸೊಳ್ಳೆಯಾಗೋಕೆ ಒಂದು ವಾರವಾದ್ರೂ ಬೇಕು, ವಾರಕ್ಕೊಂದು ಸಲ ಕವುಚಿ ಹಾಕಿದ್ರೆ ಆಯ್ತಪ್ಪ."

"ಕ್ಲೀನ್ ನೀರೇ ಬೇಕಾ? ಒಳ್ಳೇ ಮನೆತನದ ಸೊಳ್ಳೆ" ಅಂದರು ಅಯ್ಯಪ್ಪಣ್ಣ.

ತಪ್ಪು ಮಾಡಿದರು. ಮಾಸ್ಟ್ರು ಅವರ ಕಡೆ ತಿರುಗಿದರು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ವಾರಕ್ಕೆ 150 ನಿಮಿಷ ಚುರುಕು ನಡಿಗೆ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಅಂತ ಶುರು ಮಾಡಿದರು.

"ದಿನಾ ತೋಟ ಸುತ್ತುತ್ತೀನಲ್ಲ."

"ಜೀಪಲ್ಲಿ."

"ಕಂಟ್ರಿ ರೋಡು ಮಾಸ್ಟ್ರೇ, ಕೂತ್ರೂ ಮೈಯೆಲ್ಲ ಅಲ್ಲಾಡುತ್ತೆ."

"ಇಷ್ಟೆಲ್ಲ ಬಿಟ್ಟು ಪಾಯಸ ಒಂದೇ ಸಾಕು ಅಂತೀರಲ್ಲ ಅಣ್ಣ?" ಅಂತ ನಾನೂ ಬಾಯಿ ಹಾಕಿದೆ.

"ನಮ್ಮ ಬೆಂಗಳೂರು ಅಳಿಯನ್ನ ಕೇಳು."

ಮದುವೆಯಾದ ಮೊದಲ ಕಕ್ಕಡ. ಅಳಿಯ ಎರಡು ಬಟ್ಟಲು ಪಾಯಸ ಇಳಿಸಿದ್ದಾನೆ. ಮದ್ದು ಸೊಪ್ಪು ತಿಂದರೆ ಮರುದಿನ ಉಚ್ಚೆ ಕೆಂಪಗೆ ಹೋಗುತ್ತದೆ, ಔಷಧಿ ಮೈಗೆ ಹಿಡಿಯಿತು ಅಂತ ನಾವು ಖುಷಿಪಡುತ್ತೇವೆ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಬಚ್ಚಲಿನಲ್ಲಿ ಒಂದು ಕೂಗು. ಕಿಡ್ನಿ ಹೋಯ್ತು ಅಂತ ಕಾರು ಹತ್ತಿದವನು ವಿರಾಜಪೇಟೆಯ ಲ್ಯಾಬಿನ ಮುಂದೇ ನಿಲ್ಲಿಸಿದ್ದು. ರಕ್ತ, ಮೂತ್ರ ಎಲ್ಲ ಕೊಟ್ಟ. ಕಿಡ್ನಿ ಚೆನ್ನಾಗಿತ್ತು. ಸಕ್ಕರೆ ಮಾತ್ರ ಏರಿ ಕೂತಿತ್ತು. ಅಲ್ಲಿವರೆಗೆ ಅವನು ಒಂದು ಸಲವೂ ಟೆಸ್ಟ್ ಮಾಡಿಸಿದವನಲ್ಲ.

"ಈಗ ಮಾತ್ರೆ ತಗೋತಾನೆ, ಬೆಳಗ್ಗೆ ವಾಕಿಂಗ್ ಹೋಗ್ತಾನೆ, ಸಣ್ಣಗೂ ಆಗಿದ್ದಾನೆ. ಇದೆಲ್ಲ ಮಾಡಿಸಿದ್ದು ಯಾರು? ಪಾಯಸ!"

ಮಾಸ್ಟ್ರ ಬಾಯಿ ತೆರೆದದ್ದು ತೆರೆದೇ ಇತ್ತು. ಕೊನೆಗೆ ರಜಾಕಣ್ಣನೇ ಕೇಳಿದ: "ಅದ್ಸರಿ ಅಣ್ಣ, ನಿಮ್ಮ ಸಕ್ಕರೆ ಟೆಸ್ಟ್ ಮಾಡ್ಸಿದ್ದು ಯಾವಾಗ?"

"ನಾನ್ಯಾಕೋ ಮಾಡಿಸ್ಲಿ? ನಂಗೆ ಕೆಂಪು ನೋಡಿ ಅಭ್ಯಾಸ ಇದೆ."